ಪಾವಣ್ಯಾ ಉಣ್ಣದ ಮನೆ

ಬದುಕಿರುವ ಒಂದು ಪ್ರಾಣಿಯನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಇಟ್ಟು, ಅದು ಸತ್ತರೆ ತಿಳಿಸಿರೆಂದು ಹೇಳಿ, ಅದು ಸಾಯತೊಡಗಿದಾಗ ಮುಖ ತೋರಿಸದೆ ಉಳಿದವರು ಈ ಸೀಮೆಯ ಪ್ಲೇಗು ಅಧಿಕಾರಿಗಳು. ಇದನ್ನು ನಾನು ಸಿಟ್ಟಿನ ಭರದಲ್ಲಿ ಬರೆಯುತ್ತಿಲ್ಲ. ಸಿಟ್ಟು ಇದೆ, ಆದರೆ ಅದು ಹುಟ್ಟಿ ಕೆಲವು ವರ್ಷಗಳಾಗಿವೆ, ಅದಕ್ಕೆ ಹಲ್ಲು ಬಂದಿವೆ, ಅದು ನೆಟ್ಟಗೆ ನಡೆಯಲು ಕಲಿತಿದೆ.

ಈ ದಿನ ಬೆಳಿಗ್ಗೆ ಅದನ್ನು ಎಬ್ಬಿಸಿದ್ದು ಒಂದು ವಾಸನೆ. ಇಳಕಲ್ಲಿನ ನಮ್ಮ ಓಣಿಗೆ ತನ್ನದೇ ಆದ ವಾಸನೆಯಿದೆ: ಬಣ್ಣದ ಹಂಡೆಯದು, ನೂಲಿಗೆ ಹಚ್ಚುವ ಗಂಜಿಯದು. ಅವನ್ನೆಲ್ಲ ಪಕ್ಕಕ್ಕೆ ತಳ್ಳಿ ಪ್ಲೇಗಿನ ಮನೆಗಳಿಗೆ ಸಿಂಪಡಿಸುವ ಕಾರ್ಬಾಲಿಕ್ಕಿನ ಘಾಟು ಬಂತು. ಬಾಗಿಲಿಗೆ ಬಂದು ನೋಡಿದರೆ ಸರಕಾರಿ ಜವಾನನೊಬ್ಬ ತಂತಿಯ ಪಂಜರ ಹಿಡಿದು ಹೊರಟಿದ್ದ. ಪಂಜರದ ಹುಲ್ಲಿನೊಳಗಿಂದ ಸಣ್ಣದೊಂದು ಸಿಳ್ಳು ಕೇಳಿಸಿತು. ಒಳಗೆ ನನ್ನ ಅಜ್ಜಿ, ಆಯಿ, ಕುಳಿತಿದ್ದಳು. ನಾವು ಕೂಗಿ ಕರೆದರೂ ಕೇಳಿಸದ ಆಕೆಯ ಕಿವಿಗೆ ಆ ಸಿಳ್ಳು ಮಾತ್ರ ಕೇಳಿಸಿತು.

"ಯಾರ ಮನಿಗೆ ಬಂದಾನೋ ಪಾವಣ್ಯಾ?" ಎಂದಳು.

ಪಾವಣ್ಯಾ ಎಂದರೆ ನಮ್ಮಲ್ಲಿ ಮನೆಗೆ ಬಂದ ಅತಿಥಿ. ಒಂದು ಇಲಿಯ ಜಾತಿಯ ಪ್ರಾಣಿಗೆ ಈ ಮರ್ಯಾದೆ ಹೇಗೆ ಸಂದಿತೆಂಬುದನ್ನು, ಓದುಗರೇ, ನೀವು ಸಾವಧಾನವಾಗಿ ಕೇಳಬೇಕು. ಸಾವಧಾನ ನನ್ನಲ್ಲಿಲ್ಲ, ನಿಮ್ಮಲ್ಲಾದರೂ ಇರಲಿ.

ನನ್ನ ಸಿಟ್ಟು ಹುಟ್ಟಿದ ಆ ವರ್ಷ ಪ್ಲೇಗಿನಿಂದಾಗಿ ಪುಣೆಯ ಕಾಲೇಜು ಮುಚ್ಚಿತ್ತು. ತಪ್ಪಿಸಿಕೊಂಡು ಊರಿಗೆ ಬಂದರೆ ಊರಲ್ಲೂ ಅದೇ. ನಮ್ಮ ಅಟ್ಟದಿಂದ ಸತ್ತ ಇಲಿ ಬಿತ್ತು. ಇಲಿ ಬಿದ್ದ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ. ಅನ್ನದ ಗಡಿಗೆ, ಹಾಸಿಗೆ, ದೇವರ ಪೆಟ್ಟಿಗೆ ಹೊತ್ತು ಹುನಗುಂದದ ದಾರಿಯ ಹೊಲಕ್ಕೆ ಹೋದೆವು. ಜೋಳದ ಕಣಿಕೆಯ ಗುಡಿಸಲು ಕಟ್ಟಿದೆವು. ಊರಲ್ಲಿ ನಮ್ಮ ಹಿತ್ತಲಿನ ಗೋಡೆ ಹಂಚಿಕೊಂಡಿದ್ದ ನೂಲಿನ ವ್ಯಾಪಾರಿ ಹುಸೇನಿ ಕಾಕಾ, ಹೊಲದಲ್ಲಿಯೂ ನಮ್ಮ ಗುಡಿಸಲಿಗೆ ಬೆನ್ನು ಹಚ್ಚಿ ತಮ್ಮ ಗುಡಿಸಲು ಹಾಕಿಸಿದರು. "ಗ್ವಾಡಿ ಇಲ್ಲಂದ್ರ ನಿಮ್ಮ ಆಯಿ ಕೂಡ ಜಗಳಾ ಆಡಾಕ ಬರೂದಿಲ್ಲ ನೋಡು" ಎಂದು ಅದಕ್ಕೆ ಕಾರಣ ಹೇಳಿದರು.

ಮನೆಗೆ ಔಷಧ ಸಿಂಪಡಿಸಿದ ಮೇಲೆ ಪ್ಲೇಗಿನ ಡಾಕ್ಟರರು ಬಂದರು. ಪಡಸಾಲೆಯ ನಡುವೆ ಒಂದು ಪಂಜರ ಇರಿಸಿದರು. ಒಳಗೆ ಕಂದು ಬಿಳುಪಿನ, ಬಾಲವಿಲ್ಲದ, ಮೂಗು ಸದಾ ಅಲುಗುವ ಒಂದು ಜೀವ. "ಅಮಾಸಿ ತನಕಾ ಇದು ಜೀವಂತ ಇದ್ದರ ನೀವು ಮನಿ ಹೊಗಬಹುದು" ಎಂದರು. "ಮನಿಯೊಳಗ ಬ್ಯಾನಿ ಉಳದಿದ್ದರ ಇದು ಸಾಯ್ತದ. ದಿನಾ ಒಬ್ಬರು ಬಂದು ಸೊಪ್ಪು ತಪ್ಪಲ, ನೀರು ಇಡ್ರಿ. ಮುಟ್ಟಬ್ಯಾಡ್ರಿ. ಸತ್ತರ ಹಂಗ ಬಿಟ್ಟು ನಮಗ ಹೇಳಿಕಳಸ್ರಿ." ಮೂರನೆಯ ದಿನ ತಾವೇ ಬಂದು ನೋಡುವುದಾಗಿಯೂ ಮಾತು ಕೊಟ್ಟರು. ಆ ಮಾತಿಗೆ ನಾನೂ ಹುಸೇನಿ ಕಾಕಾ ಅವರೂ ಸಾಕ್ಷಿ.

ಇಂಗ್ಲಿಷಿನವರು ಇದನ್ನು ಗಿನಿ ದೇಶದ ಹಂದಿ ಎನ್ನುತ್ತಾರೆ, ಆದರೆ ಇದು ಹಂದಿಯೂ ಅಲ್ಲ, ಆ ದೇಶದ್ದೂ ಅಲ್ಲ ಎಂದು ನಾನು ಕಾಲೇಜಿನ ಠೀವಿಯಿಂದ ವಿವರಿಸತೊಡಗಿದೆ. ಆಯಿ ನನ್ನ ಬಾಯಿ ಮುಚ್ಚಿಸಿದಳು. "ಹಂದಿ ಗಿಂದಿ ಅನಬ್ಯಾಡೋ. ಮಂದಿ ಕೇಳಿದ್ರ ಏನಂದಾರು?" ಕಾಕಾ ಕೂಡಲೇ ಆಕೆಯ ಪಕ್ಷ ಸೇರಿದರು: "ಹೌದೋ ತಮ್ಮಾ, ನನ್ನ ಮುಂದಂತೂ ಅನಬ್ಯಾಡ." ಇಬ್ಬರೂ ಜಗಳವಿಲ್ಲದೆ ಒಪ್ಪಿದ ಮೊದಲ ವಿಷಯ ಅದು. ಹೆಸರಿಲ್ಲದ ಪ್ರಾಣಿಗೆ ಆಯಿ ಪಾವಣ್ಯಾ ಎಂದಳು. ಮನೆಯೊಳಗೆ ಬಂದಿದೆ, ತಾನಾಗಿ ಹೋಗುವಂತಿಲ್ಲ, ಉಣಿಸಬೇಕು; ಮತ್ತೇನೆನ್ನಬೇಕು?

ತಪ್ಪಲು ಹಾಕಲು ತಾನೇ ಹೋಗುತ್ತೇನೆಂದು ಹಟ ಹಿಡಿದಳು. ಇಲಿಯ ಮೈಯ ಚಿಗಟವೇ ಈ ಬೇನೆಯನ್ನು ಸಾಗಿಸುತ್ತದೆಂದು ಈಗಿನ ವಿದ್ವಾಂಸರ ಅಭಿಪ್ರಾಯವೆಂದೆ. "ನನ್ನ ಮೈಯಾಗ ರಕ್ತ ಎಲ್ಲೈತೋ ಅದು ಕುಡ್ಯಾಕ? ನಿನ್ನ ಮೈಯಾಗ ಐತಿ. ನೀ ದೂರ ನಿಲ್ಲು" ಎಂದಳು. ದಿನವೂ ಮೆಂತ್ಯದ ತಪ್ಪಲು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವಳು. ನಾನು ತಲಬಾಗಿಲಿನಲ್ಲಿ ನಿಲ್ಲುವೆನು. ಆಕೆಯ ಕಾಲ ಸಪ್ಪಳ ಕೇಳುತ್ತಲೇ ಒಳಗಿನಿಂದ ಸಿಳ್ಳು ಏಳುತ್ತಿತ್ತು. ಮನುಷ್ಯರ ಪೈಕಿ ಯಾರೂ ಆಯಿಯನ್ನು ಅಷ್ಟು ಸಂತೋಷದಿಂದ ಕರೆದದ್ದನ್ನು ನಾನು ಕೇಳಿಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿ. ಸೂರಿನ ಕೆಳಗೆ ಪಾವಣ್ಯಾ ಇರುವಾಗ ಆತ ಉಣ್ಣುವ ತನಕ ಮನೆಯ ಹಿರಿಯ ಹೆಂಗಸು ಅನ್ನಕ್ಕೆ ಕೈ ಹಚ್ಚುವುದಿಲ್ಲ. ಒಮ್ಮೆ ಬಾದಾಮಿಯ ದೊಡ್ಡಪ್ಪ ಯಾವುದೋ ಸಂಬಂಧದ ಮಾತಿನಲ್ಲಿ ಮುನಿಸಿಕೊಂಡು, ಉಣ್ಣುವುದಿಲ್ಲವೆಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟ. ಆಯಿಯೂ ಉಣ್ಣಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ದೊಡ್ಡಪ್ಪ ತಾನಾಗಿ ಎದ್ದು, ಕೈಕಾಲು ತೊಳೆದು, ಎರಡು ರೊಟ್ಟಿ ಹೆಚ್ಚೇ ಉಂಡ. ಆತನಿಗೆ ಸೋಲೊಪ್ಪಿಕೊಳ್ಳುವ ಅನುಕೂಲವಿತ್ತು. ಪಂಜರದ ಜೀವಕ್ಕೆ ಅದಿರಲಿಲ್ಲ.

ಮೂರನೆಯ ದಿನ ಡಾಕ್ಟರರು ಬರಲಿಲ್ಲ. ಅದರ ಮರುದಿನ ಸಿಳ್ಳು ಕೇಳಿಸಲಿಲ್ಲ. ಪಾವಣ್ಯಾ ಮೂಲೆಗೆ ಒತ್ತಿಕೊಂಡು, ಕೂದಲು ನಿಮಿರಿಸಿ, ಒಂದು ಪಕ್ಕಕ್ಕೆ ವಾಲಿ ಕುಳಿತಿತ್ತು. ಹಿಂದಿನ ದಿನದ ತಪ್ಪಲು ಬಾಡಿ ಹಾಗೆಯೇ ಬಿದ್ದಿತ್ತು. ಕತ್ತಿನ ಕೆಳಗಿರುವುದು ಬೇನೆಯ ಗಂಟೋ, ಮುದ್ದೆಗಟ್ಟಿದ ಕೂದಲೋ, ಮುಟ್ಟದೆ ತಿಳಿಯುವಂತಿರಲಿಲ್ಲ, ಮುಟ್ಟಲು ಅಪ್ಪಣೆಯಿರಲಿಲ್ಲ. ಆಯಿ ಅಪ್ಪಣೆಗೆ ಕಾಯಲಿಲ್ಲ. ಪಂಜರದ ಬಾಗಿಲು ತೆಗೆದು ಅದನ್ನು ಮಡಿಲಿಗೆ ತೆಗೆದುಕೊಂಡಳು. ದೀಪದ ಬತ್ತಿಯನ್ನು ನೀರಲ್ಲಿ ಅದ್ದಿ ಬಾಯಿಗೆ ಹಿಡಿದಳು. ನೀರು ಬಾಯಿಯ ಪಕ್ಕದಿಂದ ಇಳಿದು ಸೀರೆ ತೋಯಿಸಿತು. ನಾನು ಬಾಗಿಲಿನಿಂದ ಕೂಗಾಡಿದೆ. ಆಕೆ ತಲೆಯೆತ್ತಲಿಲ್ಲ.

ಅಂದಿನಿಂದ ಆಯಿ ಉಣ್ಣಲಿಲ್ಲ. ಗುಡಿಸಲಿನಲ್ಲಿ ಎಲೆಯ ಮುಂದೆ ಕೂಡುವಳು, ನೀರು ಕುಡಿದು ಏಳುವಳು. ಪ್ರಾಣಿಗೆ ಬೇನೆ, ಅದು ಹೇಗೆ ಉಣ್ಣುತ್ತದೆ ಎಂದರೆ, "ಅದಕ್ಕ ನಾನೂ ಉಣ್ಣೂದಿಲ್ಲ" ಎಂಬ ಉತ್ತರ. ನಾನು ಓದಿದ ತರ್ಕಶಾಸ್ತ್ರದಲ್ಲಿ ಇದಕ್ಕೆ ಖಂಡನೆಯಿರಲಿಲ್ಲ.

"ಇದನ್ನ ಬಿಡಿಸಬೇಕೋ" ಎಂದು ಆಕೆಯೇ ಅಂದಳು. "ಉಸಿರು ಎಳೆಯೋದು ನೋಡಾಕ ಆಗವಲ್ದು. ಆದ್ರ ನಮ್ಮ ಸೂರಿನ ಬುಡಕ ಪಾವಣ್ಯಾನ್ನ ಹೆಂಗ ಕೊಲ್ಲೂದು?"

ನಾನು ಕಾಕಾ ಅವರ ಮುಖ ನೋಡಿದೆ. ಅವರು ಸಿಡಿದರು: "ನನ್ನ ಯಾಕ ನೋಡ್ತಿ? ಸಾಬರಂದ್ರ ಕೈಯಾಗ ಚೂರಿ ಹಿಡಕೊಂಡ ಹುಟ್ಟಿರ್ತಾರಂತ ತಿಳದೀಯೇನು? ನಮ್ಮ ಮನ್ಯಾಗ ಕೋಳಿ ಕೊಯ್ಯೂ ದಿನಾ ನಾ ಅಂಗಡಿಗೆ ಹೋಗಿ ಕೂಡ್ತೇನಿ. ಅದೂ ಅಲ್ಲದ ಇದು ಸರಕಾರದ್ದು. ಮಾಲಕರನ್ನ ಕೇಳಿ ಬಾ, ಹೋಗು."

ಮಾಲಕರನ್ನು ಕೇಳಲು ಹೋದೆ. ಹುನಗುಂದದಲ್ಲಿ ಡಾಕ್ಟರರ ಕಾರಕೂನ ಅಮೀನಗಡಕ್ಕೆ ಕೈ ತೋರಿಸಿದ. ಅಮೀನಗಡದಲ್ಲಿ, ಊರ ಹೊರಗಿನ ಡೇರೆಯಲ್ಲಿ, ಡಾಕ್ಟರರು ಸಿಕ್ಕರು. ದಣಿದಿದ್ದರು, ಅದನ್ನು ಒಪ್ಪುತ್ತೇನೆ. ಕೂಡಲು ಹೇಳಲಿಲ್ಲ, ಅದನ್ನೂ ಹೇಳುತ್ತೇನೆ.

"ತಾನಾಗಿ ಸಾಯಬೇಕು" ಎಂದರು. "ನೀವು ಕೊಂದರ ಪರೀಕ್ಷಾ ಕೆಟ್ಟಹೋಗ್ತದ."

"ಹಾಗಾದರೆ ತಾವು ಬಂದು ನೋಡಿರಿ. ಬೇನೆ ಪ್ಲೇಗೋ ಅಲ್ಲವೋ ಹೇಳಿರಿ. ನಮ್ಮ ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ, ಊಟ ಬಿಟ್ಟಿದ್ದಾಳೆ" ಎಂದೆ.

"ಮುಟ್ಟಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು? ನಾಳೆ ಬರ್ತೇನಿ."

ನಾಳೆ ಆಯಿತು. ಮತ್ತೊಂದು ನಾಳೆಯೂ ಆಯಿತು. ಆ ಸಂಜೆ ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಏಳಲು ನನ್ನ ತೋಳು ಬೇಕಾಯಿತು. ಒಳಗೆ ಕಾಲಿಡಬಾರದೆಂಬ ಮಾತು ಆಕೆಗೂ ನನಗೂ ಆಗ ನೆನಪಿರಲಿಲ್ಲ. ಮಡಿಲಲ್ಲಿದ್ದ ಪಾವಣ್ಯಾನ ಹಿಂಗಾಲು ಆಗಾಗ ತಾನಾಗಿ ಝಾಡಿಸುತ್ತಿತ್ತು. "ಇನ್ನ ಯಾರ ದಾರಿ ಕಾಯೂದು?" ಎಂದಳು. "ಪಾವಣ್ಯಾನ್ನ ಕಳಸೂಣು."

ನಮ್ಮಲ್ಲಿ ಊರಿಗೆ ಹೊರಟವರ ಕೈಗೆ ಮೊಸರು ಹಾಕುತ್ತಾರೆ. ಆಯಿ ತಾನು ತಂದಿದ್ದ ಬಟ್ಟಲಿನಿಂದ ಒಂದು ಹನಿ ಮೊಸರನ್ನು ಆ ಪುಟ್ಟ ಮುಂಗಾಲಿಗೆ ಹಚ್ಚಿದಳು. ಅದನ್ನೆತ್ತಿಕೊಂಡು ಹಿತ್ತಲ ಬಾಗಿಲು ದಾಟಿದಳು. ಹೊರಡುವವರಿಗೆ ಆಕೆ ಸದಾ ಹೇಳುತ್ತಿದ್ದುದು "ಹೋಗಿ ಬಾ" ಎಂದು. ಅಂದು "ಸುಖವಾಗಿ ಹೋಗಪಾ" ಎಂದಷ್ಟೇ ಹೇಳಿ ನನ್ನ ಕೈಗೆ ಕೊಟ್ಟು, ತಿರುಗಿ ಒಳಗೆ ಹೋದಳು. ಸೂರಿನ ಹೊರಗೆ ಬಂದ ಮೇಲೆ ಅದು ನಮ್ಮ ಪಾವಣ್ಯಾ ಅಲ್ಲ, ಬೀಳ್ಕೊಂಡ ಜೀವ.

ಹಿತ್ತಲ ಬೇವಿನ ಕೆಳಗೆ ಹುಸೇನಿ ಕಾಕಾ ನಿಂತಿದ್ದರು, ತಮ್ಮಿಂದಾಗದೆಂದು ಸಿಡಿದಿದ್ದವರು ಬಂದಿದ್ದರು. ಅದರ ಕಿವಿಯ ಹತ್ತಿರ ಬಾಗಿ ತಪ್ಪಾಯಿತೆಂದು ಬೇಡಿಕೊಂಡರು. "ಗಟ್ಟಿ ಹಿಡಿ" ಎಂದರು. ನಾನು ಹಿಡಿದೆ, ಅವರು ಕತ್ತು ಮುರಿದರು. ಕಣ್ಣು ರೆಪ್ಪೆ ಬಡಿಯುವಷ್ಟರ ಕೆಲಸ. ಅಷ್ಟರ ಸಲುವಾಗಿ ಅಮೀನಗಡದ ತನಕ ಅಪ್ಪಣೆ ಕೇಳಲು ಹೋಗಿದ್ದೆ. ಅಲ್ಲಿಯೇ ಆಳವಾಗಿ ಹೂಳಿದೆವು.

ಆಯಿ ಸ್ನಾನ ಮಾಡಿ ಅಂಬಲಿ ಕುಡಿದಳು. ಆಮೇಲಿನ ದಿನಗಳಲ್ಲಿ ನನಗೆ ನೆಮ್ಮದಿಯಿರಲಿಲ್ಲ. ಆಕೆಯ ಹಣೆ ಮುಟ್ಟಲು ನೆಪ ಹುಡುಕುತ್ತಿದ್ದೆ; ತೊಡೆಯ ಸಂದಿನಲ್ಲಿ ಗಂಟೆದ್ದು ನಡೆಯುವಾಗ ಕಾಲು ಎಳೆಯುತ್ತಾಳೋ ನೋಡುತ್ತಿದ್ದೆ. "ಏನೋ, ಕನ್ಯಾ ನೋಡಾಕ ಬಂದಂಗ ನೋಡ್ತಿ?" ಎಂದು ಗದರಿಸಿದಳು. ನಗು ಬಂತು, ಹೆದರಿಕೆ ಹೋಗಲಿಲ್ಲ. ಆಕೆ ಉಳಿದಳು; ಉಳಿಯುತ್ತಾಳೆಂದು ಹೇಳಬಲ್ಲವರು ಆಗ ಯಾರೂ ಇರಲಿಲ್ಲ.

ಡಾಕ್ಟರರು ಕಡೆಗೂ ಬಂದರು, ಖಾಲಿ ಪಂಜರ ಕಂಡು ಕೆರಳಿದರು. ಪರೀಕ್ಷೆ ಕೆಟ್ಟಿತು, ಬಿಸಿಲು ಬಲಿಯುವ ತನಕ ಮನೆ ಮುಚ್ಚಿರಲಿ ಎಂದರು. ಅದಕ್ಕೆ ಯಾವ ಬೇನೆಯಾಗಿತ್ತು ಎಂದೆ. "ಈಗ ಏನೂ ಹೇಳಾಕ ಬರೂದಿಲ್ಲ." ಆಗ ಗುಡಿಸಲಿನ ಬಾಗಿಲಿನಿಂದ ಆಯಿ ಕೇಳಿದಳು: "ಊಟಾ ಆಗೇತೇನ್ರಿ ಡಾಕ್ಟರ?" ಆಗಿರಲಿಲ್ಲ. ಒಲ್ಲೆ ಒಲ್ಲೆ ಎನ್ನುತ್ತಲೇ ಮಜ್ಜಿಗೆ ಕುಡಿದರು. ಕುಡಿದು ಮುಗಿಸುವ ತನಕ ಆಯಿ ಎದುರಿಗೆ ನಿಂತಿದ್ದು, ತಂಬಿಗೆ ತೆಗೆದುಕೊಳ್ಳುತ್ತ ಅಂದಳು: "ಪಾವಣ್ಯಾನ್ನ ಮಂದಿ ಮನ್ಯಾಗ ಬಿಟ್ಟ ಹೋದವರು ಒಮ್ಮೆರೆ ಹೊಳ್ಳಿ ನೋಡಬೇಕ್ರಿ." ಅವರು ಕುದುರೆ ಹತ್ತಿದರು.

ಬೇನೆಯ ಗುಟ್ಟು ಹಿಡಿಯುವ ಈ ಪರೀಕ್ಷೆಗಳಿಗೆ ನಾನು ವಿರೋಧಿಯಲ್ಲ. ಊರು ಉಳಿಯಬೇಕೆಂಬುದು ನನ್ನ ಆಸೆಯೂ ಹೌದು. ಆದರೆ ಸಾಯಿಸುವುದಕ್ಕೆಂದೇ ತಂದ ಜೀವದ ಸಾವನ್ನು ತಾವು ಹೊರದೆ, ಹಸಿದ ಮುದುಕಿಯ ಮಡಿಲಿಗೆ ಹಾಕಿದ್ದು ಯಾವ ಶಾಸ್ತ್ರ?

ಆದ್ದರಿಂದ ಪ್ಲೇಗು ನಿವಾರಣೆಯ ಅಧಿಕಾರಿಗಳಲ್ಲಿ, ಈ ಪತ್ರಿಕೆಯ ಮೂಲಕ, ನನ್ನ ಬಿನ್ನಹ. ಅಂದು ನಮ್ಮ ಪಡಸಾಲೆಯಲ್ಲಿ ನರಳಿದ ಜೀವವನ್ನು ನೋಡಲು ಕೊಟ್ಟ ಮಾತಿನಂತೆ ಬಾರದಿದ್ದುದಕ್ಕೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಮುಂದೆ ಯಾವ ಮನೆಯಲ್ಲಿ ಪಂಜರವಿಟ್ಟರೂ ದಿನವೂ ಬಂದು ನೋಡುವ ಒಬ್ಬರನ್ನು ನೇಮಿಸಬೇಕು. ಪ್ರಾಣಿ ನರಳತೊಡಗಿದರೆ ಅದನ್ನು ಅಲ್ಲಿಯೇ ಬಿಡಿಸುವ ಅಧಿಕಾರ ಅವರಿಗಿರಬೇಕು. ಅದರ ಬೇನೆ ಯಾವುದೆಂದು ಆ ಮನೆಯವರಿಗೆ ತಡಮಾಡದೆ ಹೇಳಬೇಕು.

ಜವಾನನು ಈ ದಿನ ತಂದ ಪಂಜರವನ್ನು ಹುಸೇನಿ ಕಾಕಾ ಅವರ ಪಡಸಾಲೆಯಲ್ಲಿ ಇಟ್ಟು ಹೋಗಿದ್ದಾನೆ. ಯಾರ ಸೂರಾದರೇನು ಎಂದು ಆಯಿ ಕೋಲೂರಿಕೊಂಡು ಹೋಗಿ ಮೆಂತ್ಯದ ತಪ್ಪಲು ಹಾಕಿ ಬಂದಳು. ಮಧ್ಯಾಹ್ನ ನಾನು ಇಣುಕಿದಾಗ ಅದು ತಿನ್ನುತ್ತಿತ್ತು. ಹಾಗೆಂದು ಬಂದು ಹೇಳಿದ ಮೇಲೆ ಆಕೆ ಇದೀಗ ಕೈ ತೊಳೆದು ಎಲೆಯ ಮುಂದೆ ಕುಳಿತಿದ್ದಾಳೆ. ಈ ದಿನದ ಊಟ ಆಯಿತು. ನಾಳೆಯದರ ಉತ್ತರವನ್ನು ತಮ್ಮಿಂದ ನಿರೀಕ್ಷಿಸಿದ್ದೇನೆ.