ಹಿಡಿದು ಬಿಡುವ ಮೀನು

ಸೌತ್ ಬಿ ಬಡಾವಣೆ ಹತ್ತಿರದ ಪುಟ್ಟ ವಿಮೆ ಆಫೀಸು. ನಾನು ಮತ್ತು ಸಹೋದ್ಯೋಗಿ ರಘು ಅವನ ಹಳೇ ಕಾರಿನಲ್ಲಿ ಬಾಸ್ ಮೀನು ಹಿಡಿಯಲು ಪಕ್ಕದ ದೇಶ ಟಾಂಜಾನಿಯಾಕ್ಕೆ ಹೊರಟಿದ್ದೇವೆ. ಗಡಿ ದಾಟಲು ಕಾರಿಗೆ ಇಲ್ಲಿಯ ವಿಮೆ ಕಾಗದ ಬೇಕು. ಹೋಟೆಲ್ ಖರ್ಚು ಉಳಿಸಲು ಟೆಂಟು, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡಿದ್ದಾಗಿದೆ.

"ಮೀನು ಹೇಗೆ ಬೇಯಿಸ್ತೀರಿ?" ನಾವು ಹೊರಟ ಕಾರಣ ತಿಳಿದ ಮೇಜಿನಾಚೆಯ ಮಹಿಳೆ ಕೇಳಿದರು.

"ನಾವು ಮೀನು ತಿನ್ನಲ್ಲ. ಹಿಡಿದು ವಾಪಸ್ ನೀರಿಗೆ ಬಿಡ್ತೀವಿ," ಎಂದ ರಘು.

ಅವರು ಪೆನ್ನು ಕೆಳಗಿಟ್ಟರು. "ಬಿಡೋದಕ್ಕೆ ಅಷ್ಟು ದೂರ ಹೋಗ್ತೀರಾ?"

"ಹೌದು," ಎಂದ ರಘು.

"ಸವಾ, ಸರಿ ಹಾಗಾದ್ರೆ," ಎಂದು ಸೀಲು ಒತ್ತಿ ಕಾಗದ ಕೊಟ್ಟರು. "ಹೇಗೂ ಬಿಡ್ತೀರಲ್ಲ, ಒಂದನ್ನ ನನಗೆ ತಂದುಕೊಡಿ. ದೊಡ್ಡದಿರಲಿ."

ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದೆವು. ರಘು ಕಾರಿನ ಬಾಗಿಲು ತೆಗೆಯದೆ ನಿಂತುಬಿಟ್ಟ.

"ಹಿಡಿಯೋದೇನೋ ಹಿಡೀತೀವಿ. ಕೊಲ್ಲೋರು ಯಾರಪ್ಪಾ?"