ಚಿಗುರಿಗೆ ಕಬ್ಬಿಣ ಕೊಟ್ಟ ಅಕ್ಕೋರು

ಯಾರ ಹಿತ್ತಿಲಿಗೆ ಬಂದರೂ ಗಿರಿಜಕ್ಕೋರು ಅರಳಿ ನಿಂತ ದಾಸವಾಳದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೆಟ್ಟಗೆ ಹೋಗಿ ಎಲ್ಲಕ್ಕಿಂತ ಸೊರಗಿದ ಗಿಡದ ಮುಂದೆ ಕೂಡುತ್ತಿದ್ದರು. ಮನೆಯವರ ಮುಖ ಸಣ್ಣದಾಗುತ್ತಿತ್ತು. "ಚೊಲೋ ಇದ್ದದ್ದಕ್ಕ ನನ್ನ ಗರಜಿಲ್ಲ" ಎನ್ನುವರು. ಎಪ್ಪತ್ತರ ದಶಕದಲ್ಲಿ ಇಂಡಿ ಊರಿನ ಶಾಲೆಯಲ್ಲಿ ಅವರು ನಮಗೆ ವಿಜ್ಞಾನ ಕಲಿಸುತ್ತಿದ್ದರು. ಅವರ ಬಾಯಿಂದ ಹೊಗಳಿಕೆ ಬಿದ್ದದ್ದನ್ನು ನಾನಂತೂ ಕೇಳಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಹೊಟ್ಟೆ ತುಂಬಿಸುತ್ತಿದ್ದುದು ನಿಂಬೆ ತೋಟ. ಒಂದು ವರ್ಷ ಹಳೆಯ ಎಲೆ ಹಸಿರಾಗಿಯೇ ಇದ್ದು, ಚಿಗುರೆಲ್ಲ ಹಳದಿಯಾಗಿ ಬರತೊಡಗಿತು. ಗಿಡಕ್ಕೆ ಕಬ್ಬಿಣ ಸಾಲದು ಎಂದು ಯಾರೋ ಹೇಳಿದ್ದಕ್ಕೆ ಅವ್ವ ಮುರಿದ ನೇಗಿಲ ಕುಡ, ತುಕ್ಕು ಹಿಡಿದ ಮೊಳೆ ಎಲ್ಲವನ್ನೂ ಬುಡದಲ್ಲಿ ಹೂತಳು. ಏನೂ ಆಗಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಗಿಡ ಕಡಿದು ಜೋಳ ಬಿತ್ತೋಣ ಎಂದು ಹಟ ಹಿಡಿದ. ಅವ್ವ ಅಕ್ಕೋರನ್ನು ಕರೆಸಿದಳು.

"ನೆಲದಾಗ ಕಬ್ಬಿಣಕ್ಕ ಬರ ಇಲ್ಲವ್ವಾ. ಸುಣ್ಣದ ನೆಲ ಇದು, ಬೇರಿಗೆ ಬಿಟ್ಟುಕೊಡವಲ್ದು. ಎಲಿಗೇ ಕೊಡೂನು" ಎಂದರು ಅಕ್ಕೋರು. ಅನ್ನಭೇದಿ ಎಂಬ ಕಬ್ಬಿಣದ ಉಪ್ಪನ್ನು ನೀರಿಗೆ ಹಾಕಿ, ಅದು ತುಕ್ಕಾಗಿ ಕೆಡದಂತೆ ನಮ್ಮದೇ ನಿಂಬೆಯ ರಸ ಹಿಂಡಿ, ಇಳಿಹೊತ್ತಿನಲ್ಲಿ ಪಂಪಿನಿಂದ ಚಿಗುರಿಗೆ ಹೊಡೆಸಿದರು. ಕೆಲವೇ ದಿನಗಳಲ್ಲಿ ಎಲೆಗೆ ಬಣ್ಣ ಬಂತು. ಆದರೆ ಮುಂದಿನ ಚಿಗುರು ಮತ್ತೆ ಹಳದಿ. ಕಾಕಾ ಕೊಡಲಿ ಹಿಡಿದೇ ಬಂದ. ಅಕ್ಕೋರು ಅವನಿಗೆ ಅಡ್ಡ ನಿಂತರು.

"ಹಳೇ ಎಲಿ ತಾ ಹಿಡಿದ ಕಬ್ಬಿಣ ಬಿಡಂಗಿಲ್ರಿ, ಹಸರು ಆಗಾಕ ಅದಕ್ಕೂ ಬೇಕು. ಹೊಸದು ಬರಿಗೈಲೆ ಹುಟ್ಟತೈತಿ. ಚಿಗುರಿದಾಗೊಮ್ಮೆ ಹೊಡೀಬೇಕು. ಬ್ಯಾಸರಾದ್ರ ಕಡೀರಿ."

ಅವ್ವನಿಗೆ ಬೇಸರವಾಗಲಿಲ್ಲ. ತೋಟ ಉಳಿಯಿತು.

ಕೆಲವು ವರ್ಷಗಳ ಮೇಲೆ ಅಕ್ಕೋರು ಹಾಸಿಗೆ ಹಿಡಿದು, ತವರಾದ ಬಾಗೇವಾಡಿಗೆ ಹೋದರು. ನಾನೂ ಅವ್ವನೂ ಚೀಲದ ತುಂಬ ನಿಂಬೆಹಣ್ಣು ಒಯ್ದೆವು. ಅಕ್ಕೋರು ಎಲುಬಿನ ಗೂಡಾಗಿದ್ದರು. ಅವರು ಹಣ್ಣು ಮುಟ್ಟಲಿಲ್ಲ. ಗಿಡ ಚಿಗುರಿತೇನು ಎಂದು ಕೇಳಿದರು. ಚಿಗುರಿದೆ, ಆದರೆ ನಾಲ್ಕು ದಿನ ನಿಮ್ಮ ಹತ್ತಿರ ಇದ್ದು ಹೋಗುತ್ತೇನೆ ಎಂದಳು ಅವ್ವ.

"ನನಗ ಕೊಡೂ ಔಷಧ ಮುಗದೈತಿ. ಅದಕ್ಕಿನ್ನೂ ಐತಿ. ಹೋಗವ್ವಾ, ಎಲಿ ಬಲಿಯೂದ್ರಾಗ ಹೊಡಿ."

ಸಂಜೆಯ ಬಸ್ಸಿಗೇ ಹೊರಟೆವು. ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ಅವ್ವ ಬೆನ್ನಿಗೆ ಪಂಪು ಹೊತ್ತು ತೋಟದಲ್ಲಿದ್ದಳು. ಪಂಪು ಇಳಿಸು, ಮಣ್ಣಿಗೆ ಹೋಗೋಣ ಎಂದೆ. ಅವಳು ಅಳುತ್ತಲೇ ಮುಂದಿನ ಗಿಡಕ್ಕೆ ನಡೆದಳು.