ಕಾರು ನಿಲ್ಲಿಸುವ ವಿದ್ಯೆ

ಕಾರು ಓಡಿಸಲು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ನಿಲ್ಲಿಸಲು ಬರುತ್ತದೆಯೇ ಎಂದು ಇದುವರೆಗೆ ಯಾರೂ ಕೇಳಿಲ್ಲ. ನನಗೆ ಲೈಸೆನ್ಸು ಕೊಟ್ಟ ಸಾಹೇಬರೂ ಕೇಳಲಿಲ್ಲ. ಮೈದಾನದಲ್ಲಿ ಒಂದು ಸುತ್ತು ಮುಂದಕ್ಕೆ, ನಾಲ್ಕು ಮಾರು ಹಿಂದಕ್ಕೆ ಓಡಿಸಿ ತೋರಿಸಿದೆ. ಕೊನೆಯಲ್ಲಿ ಕಾರು ಒಮ್ಮೆ ಎಗರಿ, ಕೆಮ್ಮಿ, ತಾನಾಗಿಯೇ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ನಾನೇ ಎನ್ನುವಂಥ ಮುಖ ಮಾಡಿಕೊಂಡು ಇಳಿದುಬಂದೆ.

ನನಗೆ ಎಲ್ಲವನ್ನೂ ಎಣಿಸಿ ಬರೆದಿಡುವ ಚಾಳಿ. ಡೈರಿಯಲ್ಲಿ ತಾರೀಖಿನ ಪಕ್ಕ ಎದ್ದ ಹೊತ್ತು, ಓದಿದ ಪುಟ, ನಡೆದ ಮೈಲಿ, ಉಂಡ ಮುದ್ದೆ ಎಲ್ಲವೂ ಇರುತ್ತವೆ. ಅಕ್ಕ ಒಮ್ಮೆ ಅದನ್ನು ತಿರುವಿ ನೋಡಿ, "ಸೀನಿದ್ದನ್ನೂ ಬರೀತೀಯೇನೋ?" ಎಂದಳು. ಬರೆದಿದ್ದೆ, ಆದರೆ ನೆಗಡಿಯಾದ ವಾರ ಮಾತ್ರ. ಕಳೆದ ವರ್ಷದ ಡೈರಿಯಲ್ಲಿ ಗುರುವಾರಗಳ ಎದುರು 'ಕುಲುಕು' ಎಂಬ ಹೊಸ ಅಂಕಣವೊಂದಿದೆ. ಕಾರು ನಿಲ್ಲುವಾಗ ಒಳಗಿದ್ದವರನ್ನು ಮುಂದಕ್ಕೆ ದೂಡಿ ಹಿಂದಕ್ಕೆ ಎಳೆದುಕೊಳ್ಳುತ್ತದಲ್ಲ, ಅದರ ಲೆಕ್ಕ. ಅದರಲ್ಲಿ ಮೊದಲ ನಾಲ್ಕು ಗುರುವಾರಗಳ ಅಂಕಿಗಳು ಸುಳ್ಳು. ಹೇಳಿದವರು ಅಪ್ಪ, ನಂಬಿ ಬರೆದುಕೊಂಡವನು ನಾನು. ಅಪ್ಪ ಹೋಗಿ ಈಗ ಐದು ತಿಂಗಳಾಯಿತು.

ಯೋಚಿಸಿ ನೋಡಿ, ಜೀವವಿರುವುದಕ್ಕೆಲ್ಲ ನಿಲ್ಲುವುದು ಹುಟ್ಟಿನಿಂದಲೇ ಗೊತ್ತು. ಗಾಡಿಯ ಎತ್ತುಗಳು "ಹೋ" ಎಂದರೆ ಎರಡು ಹೆಜ್ಜೆ ಸಣ್ಣದಾಗಿ ಇಟ್ಟು ನಿಲ್ಲುತ್ತವೆ. ಜಟಕಾ ಕುದುರೆಯಂತೂ ಗಿರಾಕಿಯ ಮನೆ ಬಂದರೆ ಹೇಳದೆಯೇ ನಿಲ್ಲುತ್ತದೆ. ಇಂಜಿನ್ನಿಗೆ ಮಾತ್ರ ಆ ಬುದ್ಧಿಯಿಲ್ಲ. ಚಕ್ರ ನಿಂತರೂ ಅದು ತಿರುಗುತ್ತಲೇ ಇರಬೇಕು. ಇವೆರಡನ್ನೂ ಕಟ್ಟಿಹಾಕಿರುವ ಗಂಟನ್ನು ಸರಿಯಾದ ಗಳಿಗೆಯಲ್ಲಿ ಬಿಚ್ಚುವುದೇ ಕ್ಲಚ್ಚಿನ ಕೆಲಸ. ತಡವಾಗಿ ಬಿಚ್ಚಿದರೆ ಇಂಜಿನ್ನು ನಡುಗಿ ಸಾಯುತ್ತದೆ. ಬೇಗ ಬಿಚ್ಚಿದರೆ ಕಾರು ಯಾರ ಹಿಡಿತವೂ ಇಲ್ಲದೆ ಜಾರುತ್ತದೆ, ಆಗ ಬ್ರೇಕನ್ನು ತುಳಿಯಬೇಕು, ತುಳಿದರೆ ಕುಲುಕುತ್ತದೆ. ಇಷ್ಟನ್ನು ಕಾಗದದ ಮೇಲೆ ಬರೆಯಲು ನನಗೆ ಎರಡು ನಿಮಿಷ ಸಾಕಾಯಿತು. ಎಡಗಾಲಿಗೆ ತಿಳಿಸಲು ಎರಡು ತಿಂಗಳು ಹಿಡಿಯಿತು.

ಕಾರು ಅಪ್ಪನದು. ನಗರಗೆರೆಯ ಹತ್ತಿರದ ನಮ್ಮೂರಿನಲ್ಲಿ ಅದೊಂದೇ ಕಾರು. ಬೆಂಗಳೂರಿನ ಯಾರೋ ಅಧಿಕಾರಿ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದರು. ಹೊಲಕ್ಕೆ ನಡೆದೇ ಹೋಗುತ್ತಿದ್ದ ಅಪ್ಪ ಗೌರಿಬಿದನೂರಿನ ಪೇಟೆಗೆ ಮಾತ್ರ ಅದರಲ್ಲಿ ಹೋಗುತ್ತಿದ್ದರು. ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಬಿ.ಎಸ್‌ಸಿ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದ ವರ್ಷ ಅವರ ಬೆನ್ನುಮೂಳೆಯಲ್ಲಿ ಗೆಡ್ಡೆಯೊಂದು ಬೆಳೆಯಿತು. ಪ್ರತಿ ಗುರುವಾರ ಬಂದು ಸೂಜಿ ಹಾಕಿಸಬೇಕು, ದಾರಿಯಲ್ಲಿ ಬೆನ್ನು ಅಲುಗಬಾರದು ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದರು. ಬಸ್ಸಿನಲ್ಲಿ ಅದು ಆಗದ ಮಾತು. ಹೀಗಾಗಿ ಕಾರಿನ ಚಕ್ರ ನನ್ನ ಕೈಗೆ ಬಂತು. ಎಷ್ಟೋ ದಿನದಿಂದ ಬೇಕೆಂದು ಆಸೆಪಟ್ಟಿದ್ದೆ. ಹೀಗೆ ಬರಬೇಕೆಂದು ಅಲ್ಲ.

ಹದಿನೈದು ದಿನದಲ್ಲಿ ನನಗೆ ಓಡಿಸಲು ಕಲಿಸಿಕೊಟ್ಟವನು ಗೌರಿಬಿದನೂರಿನ ಲಾರಿ ಡ್ರೈವರ್ ನಂಜಪ್ಪ. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಒಂದು ನಂಬಿಕೆ. ಇಳಿಜಾರು ಕಂಡ ಕೂಡಲೇ ಕ್ಲಚ್ಚು ಒತ್ತಿ ಗೇರು ತೆಗೆದುಬಿಟ್ಟರೆ ಎಣ್ಣೆ ಉಳಿಯುತ್ತದಂತೆ. "ದೇವರು ಪುಕ್ಕಟೆ ಇಳಿಜಾರು ಕೊಟ್ಟಿದಾನೆ, ಎಣ್ಣೆ ಯಾಕೆ ಸುಡ್ತೀಯಪ್ಪ?" ಎನ್ನುತ್ತಿದ್ದ. ಆಲೂಗಡ್ಡೆ ಮೂಟೆಗಳಿಗೆ ಬೆನ್ನುಮೂಳೆಯಿಲ್ಲ, ಅವನ ವಿದ್ಯೆ ಅವಕ್ಕೆ ಸಾಕಾಗಿತ್ತು. ನಾನೂ ಅದನ್ನೇ ಕಲಿತೆ. ಮುಂದೆ ಎಮ್ಮೆ ಕಂಡರೆ ಮೊದಲು ಕ್ಲಚ್ಚು, ಎಮ್ಮೆ ಹತ್ತಿರ ಬಂದ ಮೇಲೆ ಬ್ರೇಕು.

ಮೊದಲ ಗುರುವಾರ ಅಪ್ಪ ನನ್ನ ಪಕ್ಕದಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತರು. ಪಾಠ ಹೇಳುವವರೂ ಅವರೇ, ನನ್ನ ತಪ್ಪಿನ ಪೆಟ್ಟು ತಿನ್ನುವವರೂ ಅವರೇ. "ಕ್ಲಚ್ಚಿಗೇನು ಅವಸರ? ಮೊದಲು ಬ್ರೇಕು, ಮೆತ್ತಗೆ. ಇಂಜಿನ್ನೂ ಗಾಡೀನ ಹಿಡ್ಕೊಂಡಿರುತ್ತೆ. ಇನ್ನೇನು ನಡುಗುತ್ತೆ ಅನ್ನೋವಾಗ ಕ್ಲಚ್ಚು. ನಿಲ್ಲೋ ಗಳಿಗೇಲಿ ಬ್ರೇಕನ್ನ ಒಂಚೂರು ಸಡಿಲಿಸು" ಎಂದರು. ಎಲ್ಲವೂ ಅರ್ಥವಾಯಿತು. ಗೌರಿಬಿದನೂರಿನ ರೈಲ್ವೆ ಗೇಟು ಮುಚ್ಚಿದ್ದನ್ನು ಕಂಡ ತಕ್ಷಣ ನನ್ನ ಎಡಗಾಲು ಎಲ್ಲವನ್ನೂ ಮರೆತು ನಂಜಪ್ಪನ ಶಿಷ್ಯನಾಯಿತು.

ಮನೆಗೆ ಬಂದ ಮೇಲೆ ಡೈರಿ ತೆಗೆದುಕೊಂಡು ಅಪ್ಪನ ಹತ್ತಿರ ಕೂತೆ. ಓಡಿಸುವಾಗ ನನಗೆ ಎಣಿಸಲು ಆಗುವುದಿಲ್ಲ, ಎಷ್ಟು ಸಲ ನೋವಾಯಿತೋ ನೀವೇ ಹೇಳಿ ಎಂದೆ. ಅಪ್ಪ ಸೂರು ನೋಡುತ್ತಾ ಲೆಕ್ಕ ಹಾಕುವವರಂತೆ ಬೆರಳು ಮಡಿಸಿ, "ಏಳು" ಎಂದರು. ಎರಡನೆಯ ವಾರ ಐದು. ಮೂರನೆಯ ವಾರ ನಾಲ್ಕು. ನಾಲ್ಕನೆಯ ವಾರ ಎರಡು. ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಹೀಗೇ ಹೋದರೆ ಆರನೆಯ ವಾರಕ್ಕೆ ಸೊನ್ನೆ ಎಂದು ಭಾಗಾಕಾರ ಬಲ್ಲ ನನ್ನ ತಲೆ ಹೇಳಿತು.

ಐದನೆಯ ಗುರುವಾರ ಡಾಕ್ಟರು ಅಪ್ಪನನ್ನು ಎರಡು ದಿನಕ್ಕೆ ಅಲ್ಲೇ ಉಳಿಸಿಕೊಂಡರು. ಅಮ್ಮ ಜೊತೆಗಿದ್ದಳು. ಅಪ್ಪನನ್ನು ನೋಡಲು ಬಂದಿದ್ದ ಅಕ್ಕನನ್ನು ಶಿಡ್ಲಘಟ್ಟಕ್ಕೆ ಬಿಟ್ಟುಬರಲು ಹೊರಟೆ. ಅವಳು ಅಲ್ಲಿ ಶಾಲೆಯ ಮೇಡಂ. ಅಪ್ಪನ ಜಾಗದಲ್ಲಿ ಕೂತಳು. ನನ್ನ ಪ್ರಗತಿ ಅವಳಿಗೂ ಗೊತ್ತಾಗಲಿ ಎಂದು, ಕುಲುಕಿದ್ದನ್ನು ಎಣಿಸು ಎಂದೆ. ದಾರಿಯಲ್ಲಿ ಹುರುಳಿ ಹರಡಿದ್ದರು. ಹೋಗಿ ಬರುವ ಗಾಡಿಗಳ ಚಕ್ರವೇ ಕಾಯಿ ಬಡಿದುಕೊಡಲಿ ಎಂದು ಸುಗ್ಗಿಯಲ್ಲಿ ನಮ್ಮವರೆಲ್ಲ ರಸ್ತೆಯನ್ನೇ ಕಣ ಮಾಡಿಕೊಳ್ಳುತ್ತಾರೆ. ಹುರುಳಿ ತಿರುವಿಹಾಕುವ ಹೆಂಗಸರು ಬದಿಗೆ ಸರಿಯುವವರೆಗೆ ಮತ್ತೆ ಮತ್ತೆ ನಿಲ್ಲಿಸಬೇಕಾಯಿತು.

ಶಿಡ್ಲಘಟ್ಟ ಬಂದಾಗ ಅಕ್ಕ, "ಹದಿನಾಲ್ಕು" ಎಂದಳು. "ಹುರುಳಿ ಹತ್ರ ಮೂರು ಸಲ ಮುಗ್ಗರಿಸಿದ್ದನ್ನ ಒಂದೇ ಅಂತ ಹಿಡಿದಿದೀನಿ. ತಮ್ಮ ಅಂತ ರಿಯಾಯಿತಿ."

"ಹೋದ ವಾರ ಅಪ್ಪ ಎರಡು ಅಂದ್ರು."

ಅಕ್ಕ ಇಳಿಯಲಿಲ್ಲ. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸುತ್ತುತ್ತಾ ಕೂತಿದ್ದಳು. "ನೀನು ರಸ್ತೆ ನೋಡ್ತಿರ್ತೀಯ ಕಣೋ. ಹಿಂದೆ ಕೂತ ಅಮ್ಮಂಗೆ ಅಪ್ಪನ ಕೈ ಕಾಣುತ್ತಂತೆ. ನೀನು ನಿಲ್ಲಿಸಿದಾಗಲೆಲ್ಲ ಬಾಗಿಲ ಹಿಡಿ ಹಾಗೆ ಹಿಡ್ಕೋತಾರಂತೆ, ಗೆಣ್ಣೆಲ್ಲ ಬೆಳ್ಳಗಾಗುತ್ತಂತೆ. ನಿಂಗೆ ಹೇಳಬೇಡ ಅಂದಿದಾರೆ."

ಆ ಹೊತ್ತು ನನಗೆ ಬಂದದ್ದು ದುಃಖಕ್ಕಿಂತ ಸಿಟ್ಟು ಎಂದರೆ ನೀವು ನಂಬಬೇಕು. ಲೆಕ್ಕ ಕೇಳಿದವನಿಗೆ ಸುಳ್ಳು ಲೆಕ್ಕ ಕೊಡುವುದೇ? ದುಃಖ ಬಂದದ್ದು ಒಬ್ಬನೇ ವಾಪಸು ಬರುವಾಗ. ಕಾರನ್ನು ಹಿಪ್ಪುನೇರಳೆ ತೋಟದ ಪಕ್ಕ ನಿಲ್ಲಿಸಿ ಅತ್ತೆ. ಆಗಲೂ ಅದು ಕುಲುಕಿಯೇ ನಿಂತಿತು.

ಮರುದಿನದಿಂದ ಊರಿನ ಕೆರೆ ಏರಿಯ ಮೇಲೆ ಅಭ್ಯಾಸ. ಮನುಷ್ಯರ ಮಾತು ನಂಬುವಂತಿಲ್ಲವಾದ್ದರಿಂದ ಅಪ್ಪನ ಜಾಗದಲ್ಲಿ ಹಲಗೆ ಇಟ್ಟು, ಅದರ ಮೇಲೆ ಟಾರ್ಚಿನ ಸೆಲ್ಲೊಂದನ್ನು ನೆಟ್ಟಗೆ ನಿಲ್ಲಿಸಿದೆ. ಕಾರು ಕುಲುಕಿದರೆ ಅದು ಬೀಳುತ್ತದೆ, ಬಿದ್ದುದನ್ನು ಮುಚ್ಚಿಡುವ ದಾಕ್ಷಿಣ್ಯ ಅದಕ್ಕಿಲ್ಲ. ಮೊದಲ ದಿನ ಮೂವತ್ತು ಸಲ ನಿಲ್ಲಿಸಿದೆ, ಇಪ್ಪತ್ತಾರು ಸಲ ಬಿತ್ತು. ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಸುಮಾರು ಹೊತ್ತು ನೋಡಿ, "ಏಮಪ್ಪಾ, ಯಾವ ದೇವರಿಗೆ ಹರಕೆ ಇದು? ಹತ್ತು ಮಾರಿಗೊಂದು ಸಲ ನಮಸ್ಕಾರ ಹಾಕಿಸ್ತಿದೀಯ?" ಎಂದಳು. ಹನ್ನೊಂದನೆಯ ದಿನ ಮೂವತ್ತರಲ್ಲಿ ಎರಡು ಸಲ ಬಿತ್ತು. ಹದಿನಾರನೆಯ ದಿನ ಬೀಳಲೇ ಇಲ್ಲ. ಕಾರು ನಿಂತದ್ದು ನನಗೇ ತಿಳಿಯದೆ, ಬೇಲಿಯ ಗಿಡ ಹಿಂದಕ್ಕೆ ಹೋಗುವುದನ್ನು ಬಿಟ್ಟಾಗ ತಿಳಿಯಿತು.

ನಡುವೆ ಬಂದ ಎರಡು ಗುರುವಾರ ನಾನು ಲೆಕ್ಕ ಕೇಳಿರಲಿಲ್ಲ. ಅದರ ಮುಂದಿನ ಗುರುವಾರ ಎಂದೂ ಇಲ್ಲದ ಧೈರ್ಯದಿಂದ ಹೊರಟೆ. ಗೇಟಿನ ಹತ್ತಿರ ಕಾರು ಬೆಕ್ಕು ಕೂತ ಹಾಗೆ ನಿಂತಿತು. ಅಪ್ಪ ನನ್ನ ಕಡೆ ತಿರುಗಿ ನೋಡಿದರು. ರಾತ್ರಿ ಊಟವಾದ ಮೇಲೆ ಲೆಕ್ಕ ಕೇಳಿದೆ. "ಒಂಬತ್ತು" ಎಂದರು. ಅದರ ಮುಂದಿನ ವಾರ, "ಎಣಿಸೋಕಾಗಲಿಲ್ಲ ಕಣಪ್ಪ" ಎಂದರು. ಅಮ್ಮನನ್ನು ಕೇಳಿದೆ. "ಒಂದು ಸಲಾನೂ ಅಲುಗಲಿಲ್ಲ ಕಣೋ, ನಾನು ನಿದ್ದೇನೇ ಹೋಗಿಬಿಟ್ಟಿದ್ದೆ" ಎಂದಳು.

ಗೆಡ್ಡೆ ಬೆಳೆದಿತ್ತು. ಈಗ ಕಾರು ನಿಂತರೂ ನೋವು, ಹೊರಟರೂ ನೋವು, ಸುಮ್ಮನೆ ಮಲಗಿದರೂ ನೋವು. ನಾನು ಕಲಿಯುವುದಕ್ಕೂ ನನ್ನ ಕಲಿಕೆ ಪ್ರಯೋಜನಕ್ಕೆ ಬಾರದೆ ಹೋಗುವುದಕ್ಕೂ ಸರಿಹೋಯಿತು ಎಂದು ಎಷ್ಟೋ ದಿನ ಕೊರಗಿದೆ. ಡಾಕ್ಟರು ಹೇಳಿದ್ದೂ ಅಷ್ಟೇ. ನೋವು ಬೆಳೆದಿದೆ, ತಡೆದುಕೊಳ್ಳುವ ಶಕ್ತಿ ಕುಗ್ಗಿದೆ. ಆದರೆ ಹಾಗಿದ್ದರೆ ಮನೆಯಲ್ಲಿ, ಬಂದು ಹೋಗುವವರ ಎದುರಿಗೆ, ಅಪ್ಪ ಅದೇ ಹಲ್ಲು ಕಚ್ಚಿ ನಗುತ್ತಿದ್ದುದು ಹೇಗೆ? ಕಾರಿನಲ್ಲಿ, ನನ್ನ ಪಕ್ಕದಲ್ಲಿ ಮಾತ್ರ ಯಾಕೆ ನರಳಲು ಶುರುಮಾಡಿದರು?

ಅದು ತಿಳಿದದ್ದು ಕೊನೆಯ ಸಲ ಹೋದಾಗ. ಮಂಚೇನಹಳ್ಳಿಯಲ್ಲಿ ಸಂತೆಯ ಜನ ಅಡ್ಡ ಬಂದರು. ನಿಲ್ಲಿಸಿದೆ. ನಿಂತದ್ದು ಯಾರಿಗೂ ತಿಳಿಯದಷ್ಟು ಮೆತ್ತಗೆ. ಆದರೂ ಅಪ್ಪ "ಅಯ್ಯಮ್ಮಾ" ಎಂದು ಕೂಗಿದರು. ನಾನು ಪೆಡಲಿನ ಮೇಲಿದ್ದ ನನ್ನ ಕಾಲನ್ನೇ ನೋಡಿದೆ. ಅಪ್ಪ ಬಾಗಿಲ ಹಿಡಿ ಬಿಟ್ಟು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ನಿನ್ನಿಂದಲ್ಲ ಕಣಪ್ಪ. ಚೆನ್ನಾಗಿ ನಿಲ್ಲಿಸ್ದೆ. ಇದು ನಿನ್ನಿಂದಲ್ಲ."

ನೋವು ನನ್ನ ಕಾಲಿನಿಂದ ಬರುತ್ತಿದ್ದಷ್ಟು ದಿನ ಅದನ್ನು ನುಂಗಿಕೊಂಡಿದ್ದರು. ನನ್ನಿಂದಲ್ಲ ಎಂದು ಇಬ್ಬರಿಗೂ ಗೊತ್ತಾದ ಮೇಲೆ ಬಾಯಿಬಿಟ್ಟು ಕೂಗಬಹುದಿತ್ತು. ಎರಡು ತಿಂಗಳು ಕಷ್ಟಪಟ್ಟು ನಾನು ಅಪ್ಪನಿಗೆ ಸಂಪಾದಿಸಿಕೊಟ್ಟದ್ದು ಅಷ್ಟೇ. ಅಷ್ಟು ಕಡಿಮೆಯದೇನಲ್ಲ ಎಂದು ಈಗ ಅನ್ನಿಸುತ್ತದೆ.

"ಚಿಕ್ಕಬಳ್ಳಾಪುರ ಇನ್ನೂ ಹನ್ನೆರಡು ಮೈಲಿ ಇದೆ" ಎಂದೆ. "ನರಳಿ ಅಪ್ಪ, ಪರವಾಗಿಲ್ಲ." ಸಂತೆಯವರು ದಾರಿ ಬಿಟ್ಟರು. ಅಪ್ಪ ನರಳುತ್ತಾ ಹೋದರು, ನಾನು ಕೇಳುತ್ತಾ ಓಡಿಸಿದೆ.